ಬೊಂಬೆ ಪಡಸಾಲೆಗೆ ಸುಣ್ಣ

ನಾನೇ ಹೇಳಿದ್ದು ಸಾರ್. ಮೂರೇ ಪದ. ಚಳ್ಳಕೆರೆಯಲ್ಲಿ ಬಸ್ಸು ಹತ್ತಿದಾಗಿನಿಂದ ಓಂಕಾರಮೂರ್ತಿ ಈ ಮೂರು ಪದಗಳನ್ನು ಬಾಯೊಳಗೇ ಆಡಿಸುತ್ತಿದ್ದ. ಒಮ್ಮೆ ಧೈರ್ಯವಾಗಿ, ಒಮ್ಮೆ ಇದೇನು ಮಹಾ ಎನ್ನುವ ಹಾಗೆ ನಗುತ್ತ, ಒಮ್ಮೆ ತಲೆ ತಗ್ಗಿಸಿ. ಹೇಗೆ ಹೇಳಿದರೂ ಕೊನೆಯಲ್ಲಿ ಕಚೇರಿಯ ಓಬಳಪ್ಪ ಸಾಹೇಬರು ಕನ್ನಡಕ ತೆಗೆದು ತನ್ನನ್ನು ನೋಡುವುದು ಮಾತ್ರ ತಪ್ಪುತ್ತಿರಲಿಲ್ಲ. ತೊಡೆಯ ಮೇಲೆ ಫೈಲು; ಫೈಲಿನಲ್ಲಿ ಬಿಳಿ ಹಾಳೆ, ಕಾರ್ಬನ್ನು, ಇಂಕ್ ಪ್ಯಾಡು. ಇವತ್ತು ಮೊಳಕಾಲ್ಮೂರಿನಾಚೆ ಗುಡ್ಡದ ಬುಡದಲ್ಲಿರುವ ಪಾಳೇಗಾರರ ಹಳೆಯ ಅರಮನೆಯಲ್ಲಿ ವಿಚಾರಣೆ. ಅಲ್ಲೇ ಒಂದು ಕೋಣೆಯಲ್ಲಿ ಸಂಸಾರ ಹೂಡಿರುವ ಕಾವಲುಗಾರ ತಿಪ್ಪಯ್ಯ, ಊರವರು ಬೊಂಬೆ ಪಡಸಾಲೆ ಎಂದು ಕರೆಯುವ ಕಡೆ, ಯಾವ ಕಾಲದಲ್ಲೋ ಯಾರೋ ಗೋಡೆ ತುಂಬ ಬರೆದಿದ್ದ ಚಿತ್ರಗಳ ಮೇಲೆ ಸುಣ್ಣ ಬಳಿದುಬಿಟ್ಟಿದ್ದಾನೆ. ಅವನ ಹೇಳಿಕೆ ಬರೆದುಕೊಳ್ಳಬೇಕಾದವನು ಗುಮಾಸ್ತ ಓಂಕಾರಮೂರ್ತಿ. ಕಚೇರಿಯಲ್ಲಿ ಅವನ ಅಕ್ಷರಕ್ಕೆ ಹೆಸರು. ಸುಣ್ಣ ಹೊಡಿ ಎಂದು ತಿಪ್ಪಯ್ಯನಿಗೆ ಹೇಳಿದವನೂ ಅವನೇ. ಇದು ತಿಪ್ಪಯ್ಯನಿಗೆ ಗೊತ್ತು, ಓಂಕಾರಮೂರ್ತಿಗೆ ಗೊತ್ತು, ಇವತ್ತು ಬೆಳಗಿನಿಂದ ಅವನ ಹೆಂಡತಿ ತ್ರಿವೇಣಿಗೂ ಗೊತ್ತು.

ತ್ರಿವೇಣಿ ರೊಟ್ಟಿ ತಟ್ಟುವ ಕೈ ನಿಲ್ಲಿಸಿರಲಿಲ್ಲ. “ನೀವು ಕುಂಚ ಹಿಡ್ಕೊಂಡ್ರಾ? ಇಲ್ಲ ತಾನೆ? ಅವನ ಕೈ, ಅವನ ಸುಣ್ಣ. ಅವನು ಹೇಳಿದ್ದು ಬರ್ಕೊಂಡು ಬರ್ರಿ, ಅಷ್ಟೇ ನಿಮ್ಮ ಕೆಲಸ” ಎಂದಿದ್ದಳು. ಅವನ ಕೆಲಸ ಹೋಗ್ತೈತೆ ಕಣೆ, ಮೇಲೆ ಕೇಸು ಬೇರೆ ಹಾಕ್ತಾರಂತೆ ಎಂದರೆ, “ನಿಮ್ಮದು ಹೋದ್ರೆ ಅವನು ಬಂದು ನಮ್ಮನ್ನ ಸಾಕ್ತಾನಾ?” ಎಂದು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದ್ದಳು. ಹೇಳಿಬಿಡಿ ಎಂದು ಅವಳು ಅನ್ನಲಿ ಎಂಬ ಆಸೆಯಿಂದ ಅವಳ ಮುಂದೆ ಬಾಯಿಬಿಟ್ಟೆನೋ, ಅನ್ನುವುದಿಲ್ಲ ಎಂಬ ಭರವಸೆಯಿಂದಲೇ ಬಿಟ್ಟೆನೋ? ಬಸ್ಸು ಎಣ್ಣೆ ಮಿಲ್ಲುಗಳ ಸಾಲು ದಾಟುತ್ತಿತ್ತು. ಕಡಲೆಕಾಯಿ ಹಿಂಡಿಯ ಕಮಟು ವಾಸನೆ ಕಿಟಕಿಯಿಂದ ನುಗ್ಗಿತು. ದಿನವೂ ಬರುವ ವಾಸನೆ. ಇವತ್ತು ಕಿಟಕಿ ಎಳೆದು ಮುಚ್ಚಿದ, ಏಕೆಂದರೆ ಅದು ತೋಟಪ್ಪನ ವಾಸನೆ.

ತೋಟಪ್ಪ ಅವನ ಷಡ್ಡಕ, ತ್ರಿವೇಣಿಯ ಅಕ್ಕ ಜಗದಾಂಬಳ ಗಂಡ, ಎರಡು ಮಿಲ್ಲಿನ ಯಜಮಾನ. ಮನುಷ್ಯ ಕೆಟ್ಟವನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ದ್ವೇಷಿಸಿ ಹಗುರಾಗಬಹುದಿತ್ತು. ಹಬ್ಬಕ್ಕೆ ಡಬ್ಬಿ ಎಣ್ಣೆ ಕಳಿಸುತ್ತಾನೆ. ಕಳಿಸಿದ್ದನ್ನು ಮರೆಯುತ್ತಾನೆ. ನೆಂಟರ ಮುಂದೆ ಹೆಗಲ ಮೇಲೆ ಕೈಹಾಕಿ, “ನಮ್ಮ ಮೂರ್ತಿ ಸರ್ಕಾರನೇ ನಡೆಸ್ತಾನೆ, ಅವನು ಬರೀದಿದ್ರೆ ಸಾಹೇಬ್ರಿಗೆ ಸಹಿ ಹಾಕಕ್ಕೆ ಕಾಗ್ದನೇ ಇರಲ್ಲ” ಎನ್ನುತ್ತಾನೆ. ಎಲ್ಲರೂ ನಗುತ್ತಾರೆ, ಓಂಕಾರಮೂರ್ತಿಯೂ. ನಗುವಾಗ ತನ್ನ ಕೆನ್ನೆ ನೋಯುವುದು ತ್ರಿವೇಣಿಗೂ ಕಾಣುತ್ತದೆ ಎಂದು ಅವನಿಗೆ ಗೊತ್ತು. ಆಷಾಢದಲ್ಲಿ ತೋಟಪ್ಪ ಹೊಸ ವ್ಯಾನು ಕೊಂಡಾಗ, ಎಲ್ಲಿಗಾದರೂ ಹೋಗಿಬರೋಣ ಎಂಬ ಮಾತು ಬಂತು. ಅರಮನೆಗೆ ಹೋಗೋಣ, ಮಹಡಿಯ ಬೀಗದ ಕೈ ನನ್ನ ಹತ್ತಿರವೇ ಇದೆ ಎಂದು ಓಂಕಾರಮೂರ್ತಿ ಅಂದ. ಯಾರೂ ಕೇಳಿರಲಿಲ್ಲ. ಕಚೇರಿಯಲ್ಲಿ ಆ ಹಳೇ ಕಟ್ಟಡದ ಫೈಲು ಯಾರಿಗೂ ಬೇಡವಾಗಿ ಆರು ವರ್ಷದ ಹಿಂದೆ ಅವನ ಮೇಜಿಗೆ ಬಂದು ಬಿದ್ದಿತ್ತು. ಅಂಥ ಫೈಲಿನಿಂದಲೂ ಒಂದು ದಿನ ಮೆರೆಯಬಹುದಲ್ಲ ಎನ್ನಿಸಿತ್ತು.

ತಳಕಿನಲ್ಲಿ ಬಸ್ಸು ನಿಂತಿತು. ಹೆಂಗಸೊಬ್ಬಳು ಬುಟ್ಟಿ ಹತ್ತಿಸಿ, ಸ್ವಲ್ಪ ಸರ್ಕಳಣ್ಣ ಎಂದಳು. ಸರಿದ. ವ್ಯಾನಿನಲ್ಲಿ ಅವತ್ತು ತೋಟಪ್ಪ ಮುಂದಿನ ಸೀಟು ಬಿಟ್ಟುಕೊಟ್ಟು, ದೊರೆ ಮುಂದೆ ಕೂರಬೇಕಪ್ಪ, ಅರಮನೆ ನಿನ್ನದು ಎಂದಿದ್ದ. ಹೆಬ್ಬಾಗಿಲಲ್ಲಿ ಇಳಿದಾಗ ತಿಪ್ಪಯ್ಯ ಎದುರಿಗೆ ಬರಲಿಲ್ಲ. ದೂರದಲ್ಲಿ ಬೇವಿನ ಮರದ ಕೆಳಗೆ ನಿಂತ. ತಲೆ ಬೋಳಾಗಿತ್ತು, ಮೀಸೆಯಿರಲಿಲ್ಲ. ಮೀಸೆಯಿಲ್ಲದ ಮುಖ ಯಾರದೋ ಎನ್ನಿಸಿ ಓಂಕಾರಮೂರ್ತಿಗೆ ತಕ್ಷಣ ಗುರುತೇ ಹತ್ತಲಿಲ್ಲ. “ಸ್ವಾಮಿ, ಅವ್ವ ತೀರ್ಕಂಡ್ಲು. ಇವತ್ತಿಗೆ ಐದು ದಿನ” ಎಂದ ತಿಪ್ಪಯ್ಯ. “ನಮ್ಮ ಕೋಣೆ ಸೋರ್ತಿತ್ತು ಅಂತ ಬೊಂಬೆ ಪಡಸಾಲ್ಯಾಗೆ ಮಲಗ್ಸಿದ್ವಿ. ಅಲ್ಲೇ ಜೀವ ಹೋತು. ಹನ್ನೊಂದನೇ ದಿನಕ್ಕೆ ಸುಣ್ಣ ಹೊಡ್ದು ಶುದ್ಧ ಮಾಡ್ದಿದ್ರೆ ನೆಂಟ್ರು ಉಣ್ಣಕ್ಕೆ ಒಳಗೆ ಬರಲ್ಲ. ಪಡಸಾಲೆಗೆ ಸುಣ್ಣ ಹೊಡೀಲಾ ಸ್ವಾಮಿ?”

ಇದರಲ್ಲಿ ಕಿವಿಗೆ ಬೀಳದ್ದು ಒಂದಕ್ಷರವೂ ಇರಲಿಲ್ಲ. ಬಸ್ಸಿನಲ್ಲಿ ಕೂತ ಓಂಕಾರಮೂರ್ತಿಗೆ ಈ ವಿಷಯದಲ್ಲಿ ತನಗೆ ತಾನೇ ಮೋಸ ಮಾಡಿಕೊಳ್ಳುವಷ್ಟೂ ದಾರಿಯಿರಲಿಲ್ಲ. ಬೊಂಬೆ ಪಡಸಾಲೆ ಎಂದು ತಿಪ್ಪಯ್ಯ ಸ್ಪಷ್ಟವಾಗಿ ಅಂದಿದ್ದ. ಅಲ್ಲಿ ಚಿತ್ರಗಳಿವೆ, ಅವನ್ನು ಮುಟ್ಟಬಾರದು ಎಂದು ತಾನೇ ಮೂರು ವರ್ಷ ವರದಿಯಲ್ಲಿ ಬರೆದಿದ್ದ. ಸಾಹೇಬರನ್ನು ಕೇಳಿ ಹೇಳ್ತೀನಿ ಇರಪ್ಪ ಎನ್ನುವ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ತೋಟಪ್ಪ ಪಕ್ಕದಲ್ಲೇ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಅರೆನಗೆಯಲ್ಲಿ ಕಾಯುತ್ತಿದ್ದ. ಒಂದು ಬಿಂದಿಗೆ ಸುಣ್ಣಕ್ಕೂ ಸಾಹೇಬರನ್ನು ಕೇಳಬೇಕಾದ ದೊರೆ! “ಅದಕ್ಕೇನೋ ನನ್ನ ಕೇಳೋದು? ಹೊಡ್ಕ ಹೋಗು” ಎಂದುಬಿಟ್ಟ. ಕೈಯನ್ನೂ ಬೀಸಿದ. ಆಮೇಲೆ ತೋಟಪ್ಪನ ಕಡೆ ತಿರುಗಿ, ಇವರಲ್ಲಿ ಸೂತಕ ಗೀತಕ ಬಹಳ, ನಮ್ಮಲ್ಲಿ ಅದೆಲ್ಲ ಇಲ್ಲ ನೋಡಿ ಎಂದ. ತನ್ನ ಅಪ್ಪ ಹೋದಾಗ ತನ್ನ ಅವ್ವ ವಾರ ಕಳೆಯುವುದರೊಳಗೆ ಇಡೀ ಮನೆಗೆ ಸುಣ್ಣ ಹೊಡೆಸಿದ್ದು ಆಗ ನೆನಪಾಗಲಿಲ್ಲ. ಸಾವಾದ ಜಾಗವೆಂದು ಪಡಸಾಲೆಗೆ ಕಾಲಿಡದೆ, ಅದನ್ನು ದಾಟಿ ಮಹಡಿಗೂ ಹೋಗದೆ, ಹೊರಗೆ ಒಂದು ಫೋಟೋ ತೆಗೆಸಿಕೊಂಡು, ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದು ಹಿಂತಿರುಗಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ್ದಾದರೂ ಯಾಕೆ? ಷಡ್ಡಕನ ಅರೆನಗೆಗೆ ಹೆದರಿ. ಮುಂದೆ ಯಾರಾದರೂ ಕೇಳಿದರೆ ಇದನ್ನು ಕಾರಣವೆಂದು ಬರೆದುಕೊಡಲೂ ನಾಚಿಕೆ.

ಮೊಳಕಾಲ್ಮೂರಿನಲ್ಲಿ ಜೀಪು ಕಾಯುತ್ತಿತ್ತು. ಓಬಳಪ್ಪ ಸಾಹೇಬರು ಮುಂದೆ, ಬೆಂಗಳೂರಿನಿಂದ ಬಂದ ಮೇಡಂ ಹಿಂದೆ. ಮೇಡಂ ಹಳೆಯ ಗೋಡೆಚಿತ್ರಗಳನ್ನು ಓದಿಕೊಂಡವರು. ಐವತ್ತು ದಾಟಿರಬೇಕು, ನೂಲಿನ ಸೀರೆ, ತೊಡೆಯ ಮೇಲೆ ದೊಡ್ಡ ಟಾರ್ಚು. ಹೋದ ತಿಂಗಳು ಒಬ್ಬರೇ ಬಂದು, ಬಿಳೀ ಗೋಡೆ ನೋಡಿ, ಮೇಲಿನವರಿಗೆ ಕಾಗದ ಬರೆದವರು ಇವರೇ. ಬೈಯುವ ಹೆಂಗಸಿರಬೇಕು ಎಂದುಕೊಂಡಿದ್ದ. ಅವರು ಸರಿದು ಜಾಗ ಕೊಟ್ಟು, ಊಟ ಆಯಿತಾ ಎಂದು ಕೇಳಿದರು. ಮನೆಗಳ ಒಳಗಿಂದ ಮಗ್ಗದ ಸದ್ದು ಬೀದಿಯುದ್ದಕ್ಕೂ ಬರುತ್ತಿತ್ತು. ಮೇಡಂ ಅದನ್ನೇ ಕೇಳುತ್ತ ಕೂತರು. “ಮೂರ್ತಿ, ಕೀಲಿ ನಿಮ್ಮ ಹತ್ರ ತಾನೆ ಇರೋದು? ಕೊನೇ ಸಲ ಯಾವಾಗ ಹೋಗಿದ್ರಿ?” ಎಂದರು ಸಾಹೇಬರು, ತಿರುಗಿ ನೋಡದೆ. “ಯುಗಾದಿಗೆ ಮುಂಚೆ ಸಾರ್” ಎಂದ. ಎಷ್ಟು ಸಲೀಸಾಗಿ ಬಂತು! ಬೆಳಗಿನಿಂದ ತಿದ್ದಿ ತೀಡಿದ ಮೂರು ಪದ ಒಳಗೇ ಉಳಿದವು. ಯಾವತ್ತೂ ಅಭ್ಯಾಸ ಮಾಡದ ಈ ಮೂರು ಹೊರಗೆ ಬಿದ್ದವು.

ಹೆಬ್ಬಾಗಿಲಲ್ಲಿ ತಿಪ್ಪಯ್ಯನೂ ಅವನ ಹೆಂಡತಿ ಲಕ್ಷ್ಮಕ್ಕನೂ ಕೈಮುಗಿದು ನಿಂತಿದ್ದರು. ತಿಪ್ಪಯ್ಯನ ತಲೆಯಲ್ಲಿ ಒಂದು ಅಂಗುಲ ಕೂದಲು ಬಂದಿತ್ತು, ಅರ್ಧಕ್ಕರ್ಧ ಬಿಳಿ. ಮೊದಲು ಉಳಿದದ್ದನ್ನು ನೋಡೋಣ ಎಂದು ಮೇಡಂ ಮಹಡಿಗೆ ಹೊರಟರು. ಆ ಕತ್ತಲೆ ಮೆಟ್ಟಿಲುಗಳನ್ನು ಓಂಕಾರಮೂರ್ತಿ ವರ್ಷಕ್ಕೊಮ್ಮೆ ಹತ್ತಿದ್ದ. ಹತ್ತಿ, ಬಾಗಿಲು ಎಷ್ಟು, ಕಿಟಕಿ ಎಷ್ಟು, ಗೆದ್ದಲು ಹಿಡಿದದ್ದು ಎಷ್ಟು ಎಂದು ಬರೆದುಕೊಂಡು ಇಳಿದಿದ್ದ. ಇವತ್ತು ಮೇಡಂ ಟಾರ್ಚು ಹಾಕಿದರು. ಬಾವಲಿ ಹಿಕ್ಕೆಯ ನಾತದ ನಡುವೆ ಗೋಡೆ ಎದ್ದು ಬಂತು. ಆನೆಗಳು, ಒಂದರ ಹಿಂದೊಂದು, ಹಣೆಗೆ ಕೆಂಪು ಗೊಂಡೆ. ಅಂಬಾರಿಯಲ್ಲಿ ಹೊಟ್ಟೆ ಬಂದ ದೊರೆ. ಹಂದಿಯ ಹಿಂದೆ ನಾಯಿಗಳು, ಅದರಲ್ಲೊಂದು ನಾಯಿ ಓಡುವುದನ್ನು ಬಿಟ್ಟು ಕಿವಿ ಕೆರೆದುಕೊಳ್ಳುತ್ತಿತ್ತು. ಮಾಳಿಗೆಯ ಮೇಲೆ ತಲೆ ಬಾಚಿಸಿಕೊಳ್ಳುವ ರಾಣಿ. ಕೆಳಗೆ ಅಡಿಗೆಯವನೊಬ್ಬ ಯಾರಿಗೂ ಕಾಣದ ಹಾಗೆ ಸೌಟಿನಿಂದ ರುಚಿ ನೋಡುತ್ತಿದ್ದ. ಎಷ್ಟು ಜನ, ಎಷ್ಟು ಬಣ್ಣ. “ನೀವು ಇದನ್ನೆಲ್ಲ ಬಹಳ ಸಲ ನೋಡಿರ್ತೀರಿ. ಪುಣ್ಯವಂತರು” ಎಂದರು ಮೇಡಂ, ಮೆಚ್ಚಿಗೆಯಿಂದಲೇ. ನೋಡಿದೀನಿ ಮೇಡಂ ಎಂದ. ಆರು ವರ್ಷ ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದ, ಒಂದು ದಿನವೂ ತಲೆಯೆತ್ತಿರಲಿಲ್ಲ. ಮೆರವಣಿಗೆಯಲ್ಲಿ ಎಲ್ಲರ ಮುಖ ಮುಂದಕ್ಕಿದ್ದರೆ ಒಬ್ಬ ಈಟಿಯವನು ಮಾತ್ರ ಕತ್ತು ಹೊರಳಿಸಿ ಇತ್ತಲೇ ನೋಡುತ್ತಿದ್ದ. ಬರೆದವನು ಯಾವುದೋ ಉಲ್ಲಾಸಕ್ಕೆ ಹಾಗೆ ಬರೆದಿರಬೇಕು. ಆದರೂ ಓಂಕಾರಮೂರ್ತಿ ಟಾರ್ಚಿನ ಬೆಳಕಿನಿಂದ ಪಕ್ಕಕ್ಕೆ ಸರಿದುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ಗೋಡೆ ಏನೂ ಅನ್ನದೆಯೇ ಮುಟ್ಟಿಕೊಂಡಾಗಿತ್ತು.

ಕೆಳಗೆ ಬೊಂಬೆ ಪಡಸಾಲೆ ಬೆಳ್ಳಗಿತ್ತು. ಅವನಿಗೆ ಮೊದಲು ಬಂದ ಯೋಚನೆಯೇ ಅವನನ್ನು ಹೆದರಿಸಿತು: ಎಷ್ಟು ಚೆನ್ನಾಗಿದೆ! ಸುಣ್ಣಕ್ಕೆ ಒಂದಿಷ್ಟು ನೀಲಿ ಬೆರೆಸಿದ್ದರು. ಗೋಡೆಯ ಬುಡಕ್ಕೆ ಮೊಳದೆತ್ತರ ಕೆಮ್ಮಣ್ಣಿನ ಪಟ್ಟಿ, ಪಟ್ಟಿಯ ಅಂಚಿಗೆ ಲಕ್ಷ್ಮಕ್ಕ ಬೆರಳಿನಿಂದ ಇಟ್ಟ ಬಿಳೀ ಚುಕ್ಕೆಗಳು, ಒಂದೂ ಸೊಟ್ಟಗಿಲ್ಲದೆ. ನೆಲ ಸಾರಿಸಿತ್ತು. ತಣ್ಣಗಿತ್ತು. ಬೇಸರಿಕೆಯಿಂದ ಮಾಡಿದ ಕೆಲಸವಲ್ಲ ಅದು, ಮನೆಯ ಹಿರಿಜೀವಕ್ಕೆ ಕೊನೆಯ ಸೇವೆಯೆಂದು ಮಾಡಿದ್ದು. ಮೇಡಂ ಬ್ಯಾಗಿನಿಂದ ಹಳೆಯ ಫೋಟೋ ಒಂದನ್ನು ತೆಗೆದು ಗೋಡೆಗೆ ಹಿಡಿದರು. ಇದೇ ಗೋಡೆ, ಸಾಲಾಗಿ ದೀಪ ಹಿಡಿದ ಹೆಂಗಸರು, ಆಳೆತ್ತರದವರು. ಫೋಟೋ ಕಪ್ಪುಬಿಳುಪಿನದು. ಬಣ್ಣ ಯಾವುದಿತ್ತು ಎಂದು ಯಾರೂ ಬರೆದಿಟ್ಟಿಲ್ಲ ಎಂದರು. ಸಣ್ಣ ಚಾಕುವಿನಿಂದ ಒಂದು ಮೂಲೆಯಲ್ಲಿ ಮೆಲ್ಲಗೆ ಕೆರೆದರು. ಉಗುರಿನಷ್ಟು ಸುಣ್ಣ ಉದುರಿತು. ಅಂಗೈಯಲ್ಲಿ ಮಗುಚಿ ನೋಡಿದರೆ ಅದರ ಬೆನ್ನಿಗೆ ಹಸಿರು ಅಂಟಿಕೊಂಡೇ ಬಂದಿತ್ತು. ಗೋಡೆಯಲ್ಲಿ ಬರಿಯ ಗಾರೆ ಉಳಿದಿತ್ತು. “ಬಣ್ಣ ಜೊತೆಗೇ ಬರ್ತಿದೆ” ಎಂದು ಸಾಹೇಬರಿಗಲ್ಲ, ಯಾರಿಗೂ ಅಲ್ಲದ ಹಾಗೆ ಹೇಳಿ ಮೇಡಂ ನೆಲದ ಮೇಲೆ ಕೂತುಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಓಂಕಾರಮೂರ್ತಿಗೆ.

ಸಾಹೇಬರಿಗೆ ಒಂದು ಕುರ್ಚಿ ಬಂತು. ಓಂಕಾರಮೂರ್ತಿ ಕಂಬದ ಬುಡದ ಕಲ್ಲಿನ ಮೇಲೆ ಕೂತು ಹಾಳೆಗಳ ನಡುವೆ ಕಾರ್ಬನ್ನು ಇಟ್ಟ. ತಿಪ್ಪಯ್ಯ ಎದುರಿಗೆ, ಟವಲು ಕಂಕುಳಲ್ಲಿ.

“ಬೊಂಬೆ ಇದ್ವಲ್ಲಯ್ಯ, ಕಾಣ್ಲಿಲ್ವಾ ನಿಂಗೆ?” ಎಂದರು ಸಾಹೇಬರು.

“ಕಂಡ್ವು ಸ್ವಾಮಿ. ಹುಟ್ಟಿದಾಗಿಂದ ಕಂಡೀನಿ.”

“ಮತ್ತೆ?”

“ಅವ್ವ ಇಲ್ಲೇ ಹೋದ್ಲಲ್ಲ ಸ್ವಾಮಿ. ಆ ಮೂರನೇ ದೀಪದಮ್ಮನ ಮ್ಯಾಲೆ ಕಣ್ಣು ನೆಟ್ಕಂಡೇ ಜೀವ ಬಿಟ್ಲು. ಮುಚ್ಚಿದ್ರೂ ಮುಚ್ಲಿಲ್ಲ. ಅದಕ್ಕೇ ಅಲ್ಲಿ ಒಂದು ಕೈ ಜಾಸ್ತಿ ಹೊಡ್ದೆ.”

“ಜಾಸ್ತಿ ಯಾಕೆ?” ಎಂದು ಕೇಳಿದವರು ಮೇಡಂ, ನೆಲದ ಮೇಲಿಂದಲೇ.

“ಸಾಯೋರ ಕಣ್ಣು ನಿಂತ ಜಾಗ ಅಂಗೇ ಬಿಟ್ರೆ ಅವ್ರು ಅಲ್ಲೇ ಉಳ್ಕಂತಾರೆ ತಾಯಿ. ದಾರಿ ಸಿಗಲ್ಲ ಅವ್ರಿಗೆ.”

ಮೇಡಂ ತಲೆ ತಗ್ಗಿಸಿದರು. ಸಾಹೇಬರು ಗಂಟಲು ಸರಿಮಾಡಿಕೊಂಡು, ಸುಣ್ಣ ಹೊಡಿ ಅಂತ ನಿನಗೆ ಯಾರಾದ್ರೂ ಹೇಳಿದ್ರಾ, ಯಾರನ್ನಾದ್ರೂ ಕೇಳಿದ್ಯಾ ಎಂದರು. ಓಂಕಾರಮೂರ್ತಿಯ ಪೆನ್ನು ನಿಂತಿತು. ಇದೇ ಗಳಿಗೆ. ಮೂರು ಪದ. ಎದ್ದು ನಿಂತರೆ ಸಾಕು, ಅರ್ಧ ಹೇಳಿದಂತೆಯೇ. ಮೊಣಕಾಲು ಎದ್ದೇಳಲು ಸಿದ್ಧವಾಗಿತ್ತೆಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಳ್ಳಲಿದ್ದ. ಅವನು ಮಾಡಿದ್ದು ಪೆನ್ನಿನ ತುದಿ ಕೊಡವಿದ್ದು, ಇಂಕು ಬರುತ್ತಿಲ್ಲವೆಂಬ ಹಾಗೆ. ಬರುತ್ತಿತ್ತು. ಎಲ್ಲಿ ತಿಪ್ಪಯ್ಯ ತನ್ನ ಹೆಸರು ಹೇಳಿಬಿಡುತ್ತಾನೋ ಎಂಬ ಭಯ. ಹೇಳಿಬಿಟ್ಟರೆ ತಾನು ಹೇಳುವ ಕಷ್ಟ ತಪ್ಪೀತೆಂಬ ಆಸೆ. ತಿಪ್ಪಯ್ಯ ಇವನ ಕಡೆ ನೋಡಲೇ ಇಲ್ಲ. “ಯಾರ್ನೂ ಕೇಳಿಲ್ಲ ಸ್ವಾಮಿ. ಯಾರೂ ಹೇಳಿಲ್ಲ. ನಮ್ಮಷ್ಟಕ್ಕೆ ನಾವು ಹೊಡ್ದಿದ್ದು” ಎಂದ. “ಬರ್ಕೊಳ್ರಿ ಮೂರ್ತಿ” ಎಂದರು ಸಾಹೇಬರು. ಬರೆದ. ಯಾರ ಅನುಮತಿಯನ್ನೂ ಪಡೆಯದೆ, ಯಾರ ಪ್ರೇರಣೆಯೂ ಇಲ್ಲದೆ, ಸ್ವಂತ ಇಚ್ಛೆಯಿಂದ. ಪ್ರೇರಣೆ ಎಂಬ ಮಾತು ತಿಪ್ಪಯ್ಯನ ಬಾಯಿಂದ ಬಂದಿರಲಿಲ್ಲ, ಹೇಳಿಕೆ ಗಟ್ಟಿಯಾಗಲೆಂದು ಇವನೇ ಸೇರಿಸಿದ. ಕೈ ನಡುಗಿದ್ದರೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ. ಅಕ್ಷರ ಎಂದಿನಂತೆ ದುಂಡಗೆ ಬಂತು.

ಬರೆದದ್ದನ್ನು ಓದಿ ಹೇಳಬೇಕು, ಅದು ನಿಯಮ. ಓದಿದ. ಬೆಳ್ಳನೆಯ ಗೋಡೆಗಳ ನಡುವೆ ಅವನ ದನಿ ಅವನಿಗೇ ದೊಡ್ಡದಾಗಿ ಕೇಳಿಸಿತು. ಸರಿ ಐತೆ ಸ್ವಾಮಿ ಎಂದ ತಿಪ್ಪಯ್ಯ. ಹೆಬ್ಬೆಟ್ಟು ಒತ್ತಿಸುವುದೂ ಓಂಕಾರಮೂರ್ತಿಯ ಕೆಲಸವೇ. ತಿಪ್ಪಯ್ಯನ ಬೆರಳು ಹಿಡಿದು ಪ್ಯಾಡಿನ ಮೇಲೆ ಹೊರಳಿಸಿದ. ಸುಣ್ಣ ಕಲಸಿ ಕಲಸಿ ಸುಟ್ಟ ತುದಿಯಲ್ಲಿ ಗೆರೆ ಇನ್ನೂ ಸವೆದೇ ಇತ್ತು. ಮೊದಲ ಸಲ ಗೆರೆಯೇ ಮೂಡಲಿಲ್ಲ. “ಇನ್ನೊಂದ್ಸಲ ಒತ್ತು” ಎಂದ, ಮೆತ್ತಗೆ. ತಿಪ್ಪಯ್ಯ ಒತ್ತಿದ. ನಾಳೆಯಿಂದ ಬರೋದು ಬೇಡ, ಬೇರೆ ಕಡೆ ಮನೆ ನೋಡ್ಕೊ, ಉಳಿದದ್ದು ಮೇಲಿನವರು ತೀರ್ಮಾನ ಮಾಡ್ತಾರೆ ಎಂದು ಸಾಹೇಬರು ಎದ್ದರು. ಮೇಡಂ ಆ ಉಗುರಿನಷ್ಟು ಹಸಿರನ್ನು ಕಾಗದದಲ್ಲಿ ಮಡಚಿಕೊಂಡು ಅವರ ಹಿಂದೆ ಜೀಪಿನ ಕಡೆ ನಡೆದರು.

ಹಾಳೆ ಜೋಡಿಸಿಕೊಳ್ಳುವ ನೆಪದಲ್ಲಿ ಓಂಕಾರಮೂರ್ತಿ ಹಿಂದೆ ಉಳಿದ. ತಿಪ್ಪಯ್ಯನಿಗೆ ಏನಾದರೂ ಹೇಳಬೇಕು. ಏನು? ಲಕ್ಷ್ಮಕ್ಕ ಸ್ಟೀಲು ಲೋಟದಲ್ಲಿ ಮಜ್ಜಿಗೆ ತಂದಳು. ಬೇರೆ ದಿನವಾಗಿದ್ದರೆ ಈಗ ತಾನೇ ಕುಡಿದೆ ಎನ್ನುತ್ತಿದ್ದ. ಆರು ವರ್ಷದಲ್ಲಿ ಇವರ ಮನೆಯ ನೀರು ಕುಡಿದವನಲ್ಲ. ಇವತ್ತು ಇಸಿದುಕೊಂಡ, ಅದೇ ಒಂದು ಪ್ರಾಯಶ್ಚಿತ್ತವೆಂಬ ಹಾಗೆ. “ನಿಮ್ಮ ಹೆಸ್ರು ಎತ್ತಬಾರ್ದು ಅಂತ ರಾತ್ರೀನೇ ಮಾತಾಡ್ಕಂಡಿದ್ವಿ ಸ್ವಾಮಿ” ಎಂದಳು ಲಕ್ಷ್ಮಕ್ಕ, ಬಾಗಿಲ ಕಡೆ ನೋಡಿ ದನಿ ತಗ್ಗಿಸಿ. “ಅವ್ವ ತೀರ್ಕಂಡಾಗ ಕಚೇರಿ ಕಡೆಯೋರು ಒಬ್ರೂ ತಿರುಗಿ ನೋಡ್ಲಿಲ್ಲ. ನೀವೊಬ್ರೇ, ಅಷ್ಟು ದೂರದಿಂದ ಕಾರು ಮಾಡ್ಕಂಡು, ನೆಂಟ್ರನ್ನೂ ಕಟ್ಕಂಡು ಮಾತಾಡ್ಸಿ ಹೋಗಕ್ಕೆ ಬಂದ್ರಿ. ಅಂಥೋರ ಅನ್ನ ಕಳದ್ರೆ ನಮಗೆ ಒಳ್ಳೇದಾಗಲ್ಲ.”

ಲೋಟವನ್ನು ತುಟಿಯಿಂದ ಕೆಳಗಿಳಿಸಿದ. ಮಾತಾಡಿಸಲು! ಅವನಿಗೆ ಬೇವಿನ ಮರ ಕಂಡಿತು, ವ್ಯಾನಿನ ಹಿಂಬಾಗಿಲು ತೆರೆದು ಜಗದಾಂಬ ಚಿತ್ರಾನ್ನದ ಡಬ್ಬಿ ಬಿಚ್ಚಿದ್ದು ಕಂಡಿತು. ಇವರು ಅದನ್ನೆಲ್ಲ ನೋಡಿಯೂ ಹಾಗೆ ತಿಳಿದರೇ? ದುಃಖದಲ್ಲಿದ್ದವರಿಗೆ ಬಂದವರೆಲ್ಲ ತಮಗಾಗಿ ಬಂದವರೇ ಇರಬಹುದು. ಇಲ್ಲಮ್ಮ, ನಾವು ಬಂದದ್ದು ಅರಮನೆ ನೋಡಲು, ನನಗೆ ನಿಮ್ಮ ಅತ್ತೆ ಯಾರೆಂದೇ ಗೊತ್ತಿರಲಿಲ್ಲ ಎಂದುಬಿಟ್ಟರೆ? ಇಷ್ಟನ್ನಾದರೂ. ಇದಕ್ಕೆ ಕೆಲಸ ಹೋಗುವುದಿಲ್ಲ, ಸಾಹೇಬರು ಕನ್ನಡಕ ತೆಗೆಯುವುದಿಲ್ಲ. ಲಕ್ಷ್ಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಕಣ್ಣೀರಿನಲ್ಲಿ ತನ್ನ ಮೇಲಿನ ಗೌರವವಿತ್ತು. ಯಾರೂ ಎಂದೂ ಅವನನ್ನು ಹಾಗೆ ನೋಡಿರಲಿಲ್ಲ, ತ್ರಿವೇಣಿಯೂ. ಅದನ್ನು ಬಿಟ್ಟುಕೊಡಲು ಆಗಲಿಲ್ಲ.

“ಬರದೆ ಇರಕ್ಕಾಗ್ತದಾ ಲಕ್ಷ್ಮಕ್ಕ. ದೊಡ್ಡ ಜೀವ ಅದು” ಎಂದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ತಿಪ್ಪಯ್ಯ ಹತ್ತಿರ ಬಂದು ನಿಂತದ್ದರಿಂದ, ಅವನಿಗೂ ಏನಾದರೂ ಕೊಡಬೇಕೆನ್ನಿಸಿ ಸೇರಿಸಿದ: “ಹೋದ ಯುಗಾದಿಗೆ ಬಂದಾಗ ನನ್ನ ಕೂಡೆ ಎಷ್ಟೊತ್ತು ಮಾತಾಡಿದ್ರು. ನನ್ನ ಮಗ ಚಿನ್ನದಂಥೋನು, ಚೆನ್ನಾಗಿ ನೋಡ್ಕಂತಾನೆ ಅಂದ್ರು.”

ಲಕ್ಷ್ಮಕ್ಕನ ಸೆರಗು ಕಣ್ಣಿನ ಹತ್ತಿರವೇ ನಿಂತಿತು. ಅವಳು ಗಂಡನನ್ನು ನೋಡಿದಳು. ಹೊರಗೆ ಜೀಪು ಹಾರ್ನ್ ಮಾಡಿತು.

“ಅವ್ವಗೆ ಲಕ್ವ ಹೊಡ್ದು ಬಾಯಿ ಬಿದ್ದು ಎರಡು ವರ್ಷ ಆಗಿತ್ತು ಸ್ವಾಮಿ” ಎಂದ ತಿಪ್ಪಯ್ಯ. ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಓಂಕಾರಮೂರ್ತಿಯ ಕೈಯಿಂದ ಲೋಟವನ್ನು ತಾನೇ ತೆಗೆದುಕೊಂಡ. “ಹೋಗ್ಬರ್ರಿ. ಸಾಹೇಬ್ರು ಕಾಯ್ತಾ ಅವ್ರೆ.”

ಓಂಕಾರಮೂರ್ತಿ ಹೊರಗೆ ಬಂದ. ಹೆಬ್ಬೆಟ್ಟಿನ ಗುರುತು ಇನ್ನೂ ಹಸಿಯಾಗಿತ್ತು. ಫೈಲಿಗೆ ಸೇರಿಸಿದರೆ ಕಲೆಸಿಹೋಗುತ್ತದೆಂದು, ಗಾಳಿಗೆ ಹಾರದ ಹಾಗೆ ಎರಡೂ ಕೈಯಲ್ಲಿ ಹಾಳೆ ಹಿಡಿದುಕೊಂಡು, ಜೋಪಾನವಾಗಿ ಜೀಪು ಹತ್ತಿದ.